ಕಾರ್ಡ್ ಮನೆಗಿದೆ, ಮಗುವಿಗಿದೆಯೇ?



"ನಿಮ್ಮ ಮನೆಗೆ ಆರೋಗ್ಯ ವಿಮೆ ಇದೆಯಾ?" ಅಂತ ಸಂಘದ ಸಭೆಯಲ್ಲಿ ಕೇಳಿದರೆ ಹೆಚ್ಚಿನವರು "ಇದೆ ಸಿಸ್ಟರ್" ಅನ್ನುತ್ತೀರಿ. "ಮಕ್ಕಳ ಹೆಸರು ಅದರಲ್ಲಿದೆಯಾ?" ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ನಮ್ಮ ಅನೇಕ ಮಕ್ಕಳು ವಿಮೆಯಿಂದ ಹೊರಗುಳಿಯುತ್ತಿದ್ದಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ನೂರಕ್ಕೆ 41 ಕುಟುಂಬಗಳಲ್ಲಿ ಒಬ್ಬರಿಗಾದರೂ ಆರೋಗ್ಯ ವಿಮೆ ಇದೆ. 'ಒಬ್ಬರಿಗಾದರೂ' ಅನ್ನುವ ಮಾತನ್ನು ಗಮನಿಸಿ. ಅಪ್ಪನೊಬ್ಬನಿಗೆ ವಿಮೆ ಇದ್ದರೂ ಆ ಮನೆ ಈ ಲೆಕ್ಕಕ್ಕೆ ಸೇರುತ್ತದೆ. ಮಗುವಿಗೆ ಇದೆಯೋ ಇಲ್ಲವೋ ಎಂಬುದು ಇದರಿಂದ ತಿಳಿಯುವುದಿಲ್ಲ. ಅದನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಏನಿದೆ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಜಾರಿಯಲ್ಲಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಸಿಗುತ್ತದೆ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಮನೆಯ ಐದು ಜನರಿಗೆ ಮಾತ್ರ ಅವಕಾಶವಿತ್ತು. ಈಗ ಆ ಮಿತಿ ಇಲ್ಲ. ಮನೆಯಲ್ಲಿ ಎಷ್ಟು ಮಕ್ಕಳಿದ್ದರೂ ಎಲ್ಲರೂ ಸೇರುತ್ತಾರೆ.

ಹಾಗಾದರೆ ಮಕ್ಕಳು ಎಲ್ಲಿ ತಪ್ಪಿ ಹೋಗುತ್ತಾರೆ?

1. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ಈ ಯೋಜನೆ ಕುಟುಂಬವನ್ನು ಗುರುತಿಸುವುದೇ ರೇಷನ್ ಕಾರ್ಡಿನಿಂದ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ, ಇಲ್ಲವೇ ಅಲ್ಲಿಂದ ತೆಗೆದು ಇಲ್ಲಿ ಸೇರಿಸಿರುವುದಿಲ್ಲ. ತಾಯಿಯ ಹೆಸರೇ ಇಲ್ಲದ ಕಡೆ ಮಗುವಿನ ಹೆಸರು ಹೇಗೆ ಬಂದೀತು? "ಶಾಲೆಗೆ ಸೇರಿಸುವಾಗ ಮಾಡಿಸಿದರಾಯ್ತು" ಅಂತ ಐದಾರು ವರ್ಷ ಹಾಗೇ ಬಿಡುವವರೂ ಇದ್ದಾರೆ. ಆದರೆ ಕಾಯಿಲೆ ಶಾಲೆ ಶುರುವಾಗುವ ತನಕ ಕಾಯುವುದಿಲ್ಲ.

2. ದಾಖಲೆ ಸರಿಯಿಲ್ಲ. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದೆಯೇ ಆಧಾರ್ ಸಿಗುತ್ತದೆ. ಆದರೆ ಐದು ತುಂಬಿದ ಮೇಲೆ ಒಮ್ಮೆ, ಹದಿನೈದು ತುಂಬಿದ ಮೇಲೆ ಇನ್ನೊಮ್ಮೆ ಬೆರಳಚ್ಚು ಕೊಟ್ಟು ಸರಿಪಡಿಸಿಕೊಳ್ಳಬೇಕು. ಜನನ ಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇದ್ದರೂ ಆಸ್ಪತ್ರೆಯಲ್ಲಿ ತೊಡಕಾಗುತ್ತದೆ.

3. ದೊಡ್ಡವರ ವಿಮೆಯನ್ನೇ ಮನೆಯ ವಿಮೆ ಅಂದುಕೊಂಡಿದ್ದೇವೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಟ್ ಆಗುವ ಜೀವನ ಜ್ಯೋತಿ, 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ನಿಮ್ಮಲ್ಲಿ ಅನೇಕರಿಗಿದೆ. ಇವು ಒಳ್ಳೆಯವೇ. ಆದರೆ ಮೊದಲನೆಯದು ಜೀವ ವಿಮೆ, ಎರಡನೆಯದು ಅಪಘಾತ ವಿಮೆ. ಎರಡಕ್ಕೂ 18 ವರ್ಷ ತುಂಬಿರಬೇಕು. ಮಗುವಿನ ಆಸ್ಪತ್ರೆ ಬಿಲ್ಲಿಗೆ ಇವುಗಳಿಂದ ಒಂದು ರೂಪಾಯಿಯೂ ಬಾರದು. ಸಂಘದ ಸಾಲದ ಜೊತೆಗೆ ಮಾಡಿಸುವ ವಿಮೆಯನ್ನೂ ಓದಿ ನೋಡಿ. ಅದು ಸಾಮಾನ್ಯವಾಗಿ ಸಾಲ ಪಡೆದವರ ಜೀವಕ್ಕೆ ಮಾಡಿಸಿದ್ದಾಗಿರುತ್ತದೆ.

4. ಎಲ್ಲ ಖರ್ಚೂ ವಿಮೆಯೊಳಗೆ ಬರುವುದಿಲ್ಲ. ಇಂಥ ಯೋಜನೆಗಳು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಜ್ವರ, ಕೆಮ್ಮು, ಭೇದಿ ಅಂತ ಖಾಸಗಿ ಡಾಕ್ಟರ ಹತ್ತಿರ ಹೋಗಿ ಬರುವ ಫೀಸು, ಅಂಗಡಿಯ ಔಷಧಿ ನಮ್ಮ ಕೈಯಿಂದಲೇ. ಮಕ್ಕಳ ವಿಷಯದಲ್ಲಿ ಹೆಚ್ಚು ಬರುವುದು ಇಂಥ ಖರ್ಚೇ. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಒಳ್ಳೆಯದು. ಇನ್ನೊಂದು ಮಾತು: ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರವಾಗಿ ಹೋಗಿ ಕೈಯಿಂದ ಹಣ ಕಟ್ಟಿ, ಒಡವೆ ಅಡವಿಟ್ಟು ಬಂದವರು ಬಹಳ ಮಂದಿ.

ಗೊತ್ತಿಲ್ಲದೆ ಬಿಟ್ಟುಕೊಡುವ ಎರಡು ಸೌಲಭ್ಯಗಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದು ವಿಮೆಯಲ್ಲ, ಉಚಿತ ಸೇವೆ. ಇದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ತಪಾಸಣೆ ಮಾಡಬೇಕು. ಹೃದಯದ ರಂಧ್ರ, ಸೀಳು ತುಟಿ, ವಕ್ರ ಪಾದ, ಕಿವುಡುತನ ಮುಂತಾದವನ್ನು ಪತ್ತೆ ಹಚ್ಚಿ ಚಿಕಿತ್ಸೆಗೆ ಕಳಿಸುತ್ತಾರೆ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಎರಡನೆಯದು ಯಶಸ್ವಿನಿ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಈ ಸಹಕಾರಿ ಯೋಜನೆ 2022–23ರಲ್ಲಿ ಮತ್ತೆ ಶುರುವಾಗಿದೆ. ಸಹಕಾರ ಸಂಘದ ಸದಸ್ಯರ ಜೊತೆ, ಸಹಕಾರ ಸಂಘ ಅಥವಾ ಸಹಕಾರಿ ಬ್ಯಾಂಕಿನೊಡನೆ ವ್ಯವಹರಿಸುವ ಸ್ವಸಹಾಯ ಗುಂಪಿನವರಿಗೂ ಅವಕಾಶವಿದೆ. ನೋಂದಣಿಗೆ ಗೊತ್ತುಪಡಿಸಿದ ಅವಧಿ ಇರುತ್ತದೆ, ನವೀಕರಣವನ್ನೂ ಮರೆಯಬಾರದು. ಅರ್ಜಿಯಲ್ಲಿ ಪ್ರತಿ ಮಗುವಿನ ಹೆಸರು ಬರೆಸಿ.

ಸಂಘವಾಗಿ ನಾವೇನು ಮಾಡೋಣ?

ಒಬ್ಬೊಬ್ಬರೇ ಕಚೇರಿಗೆ ಅಲೆದರೆ ಒಂದು ದಿನದ ಕೂಲಿಯೂ ಹೋಗುತ್ತದೆ, ಕೆಲಸವೂ ಆಗುವುದಿಲ್ಲ. ಮುಂದಿನ ವಾರದ ಸಭೆಗೆ ಎಲ್ಲರೂ ರೇಷನ್ ಕಾರ್ಡ್, ಮಕ್ಕಳ ಆಧಾರ್, ಜನನ ಪತ್ರ ತನ್ನಿ. ನಿರ್ಣಯ ಪುಸ್ತಕದ ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆಯಿರಿ: ಮಗುವಿನ ಹೆಸರು, ಜನನ ಪತ್ರ ಇದೆಯೇ, ಆಧಾರ್ ಇದೆಯೇ, ರೇಷನ್ ಕಾರ್ಡಿನಲ್ಲಿ ಹೆಸರಿದೆಯೇ, ಆರೋಗ್ಯ ಕಾರ್ಡ್ ಆಗಿದೆಯೇ. ಅಜ್ಜಿ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು, ತಂದೆತಾಯಿ ಇಲ್ಲದ ಮಕ್ಕಳು, ಕೂಲಿಗೆಂದು ಬೇರೆ ಊರಿಂದ ಬಂದವರ ಮಕ್ಕಳನ್ನು ಬಿಡಬೇಡಿ. ಮೊದಲು ತಪ್ಪಿ ಹೋಗುವವರು ಅವರೇ.

'ಇಲ್ಲ' ಅಂತ ಬಂದವರೆಲ್ಲ ಒಟ್ಟಾಗಿ ಗ್ರಾಮ ಒನ್ ಕೇಂದ್ರಕ್ಕೋ ತಾಲ್ಲೂಕು ಆಹಾರ ಶಾಖೆಗೋ ಹೋಗಿ. ಹೆಸರು ಸೇರಿಸಲು ಅವಕಾಶ ಯಾವಾಗ ತೆರೆಯುತ್ತದೆ ಎಂದು ಕೇಳಿಕೊಳ್ಳಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆದುಕೊಂಡೇ ಬನ್ನಿ. ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ವಾರಕ್ಕೆ ಇಷ್ಟಿಷ್ಟು ಅಂತ ಕೂಡಿಟ್ಟ ಉಳಿತಾಯ ಒಂದೇ ರಾತ್ರಿ ಆಸ್ಪತ್ರೆಯಲ್ಲಿ ಕರಗಿ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಮಕ್ಕಳು ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸೋಣ. ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಕಾಗದ ಹುಡುಕಲು ಸಮಯವಿರುವುದಿಲ್ಲ.