ಅಂಗಳದ ಮಳೆನೀರು ಅಂಗಳದಲ್ಲೇ ಇಂಗಲಿ

ಕಂಬಂ ಕಣಿವೆಯ ಕಪ್ಪಿಲಿಯ ಮನೆತನಗಳೇ ಮೊದಲಾಗಿ ತೇನಿ, ದಿಂಡಿಗಲ್ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ನೀರಿನ ಬೆಲೆಯನ್ನು ಯಾರೂ ತಿಳಿಸಬೇಕಾಗಿಲ್ಲ. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟು ಪಶ್ಚಿಮಕ್ಕೆ ಹರಿದುಹೋಗುತ್ತಿದ್ದ ನೀರನ್ನು ಈ ಕಣಿವೆಗೆ ತಿರುಗಿಸಿತು. ದಿಂಡಿಗಲ್ ಕಡೆಯ ಬಹುಪಾಲು ಊರುಗಳಿಗಾದರೋ ಆ ಭಾಗ್ಯವಿಲ್ಲ. ಕೆರೆ ಬಾವಿಗಳೇ ಗತಿ. ಹೀಗಿದ್ದೂ ಹಿಂಗಾರಿನ ಜಡಿಮಳೆಯನ್ನು ಚರಂಡಿಗೆ ಬಿಟ್ಟು, ಬೇಸಗೆಯಲ್ಲಿ ಬಾವಿ ಬತ್ತಿತೆಂದು ಕೊರಗುವುದು ತರವೇ?

ಈ ಸೀಮೆಯ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಗಟ್ಟಿ ಬಂಡೆ. ಅದರ ಮೇಲಣ ಶಿಥಿಲ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ಅಂತರ್ಜಲ ನಿಲ್ಲುತ್ತದೆ. ಓಡುವ ನೀರಿಗೆ ಅಲ್ಲಿಗಿಳಿಯಲು ವ್ಯವಧಾನವಿಲ್ಲ. ಸಿಮೆಂಟು ಹೊದಿಸಿದ ಅಂಗಳವಂತೂ ದಾರಿಯನ್ನೇ ಮುಚ್ಚುತ್ತದೆ.

ತಮಿಳುನಾಡು ಸರಕಾರವು 2003ರಲ್ಲಿ ಕಟ್ಟಡಗಳಿಗೆ ಮಳೆನೀರಿನ ಕೊಯ್ಲನ್ನು ಕಡ್ಡಾಯಗೊಳಿಸಿತು. ಆದರೆ ಜಲ್ಲಿ ತುಂಬಿದ ಇಂಗುಗುಂಡಿಯು ಹೂಳು ಕಟ್ಟಿದರೆ ನಿಷ್ಪ್ರಯೋಜಕ. ಗಿಡ ನೆಟ್ಟ ತಗ್ಗು ಅದಕ್ಕೆ ಒಳ್ಳೆಯ ಜೊತೆ. ಗಿಡಗಳ ಬುಡ ಹೂಳನ್ನು ತಡೆಯುತ್ತದೆ. ಬೇರುಗಳು ಮಣ್ಣನ್ನು ಸಡಿಲವಾಗಿಡುತ್ತವೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ 1990ರ ಸುಮಾರಿಗೆ 'ಮಳೆತೋಟ'ವೆಂಬ ಹೆಸರಿನಲ್ಲಿ ಇದು ರೂಢಿಗೆ ಬಂದಿತು. ತೆಂಗು ಬಾಳೆಗಳಿಗೆ ಪಾತಿ ಕಟ್ಟುವ ನಮಗೆ ಇದು ತೀರ ಹೊಸತೇನಲ್ಲ.

ಮಾಡಬೇಕಾದುದಿಷ್ಟೆ. ಮನೆಯ ಬುನಾದಿಯಿಂದ 10 ಅಡಿ ದೂರದಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿಸಿರಿ. ಒಂದು ದಿನದಲ್ಲಿ ಇಂಗಿದರೆ ಸ್ಥಳ ಯೋಗ್ಯವೆನ್ನಬಹುದು. 1,000 ಚದರ ಅಡಿಯ ಮಾಳಿಗೆಯ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರು ನೀರಾಗುತ್ತದೆ. 10 ಅಡಿ ಉದ್ದ, 10 ಅಡಿ ಅಗಲ, ಅರ್ಧ ಅಡಿ ಆಳದ ತಗ್ಗು ಅದರಲ್ಲಿ 1,400 ಲೀಟರನ್ನು ಹಿಡಿಯಬಲ್ಲದು. ಮಿಕ್ಕ ನೀರು ಹೊರಹೋಗಲು ಕಲ್ಲು ಹಾಸಿದ ಕಾಲುವೆಯಿರಲಿ. ತಗ್ಗಿನಲ್ಲಿ ಲಾವಂಚ, ಅಂಚಿನಲ್ಲಿ ಬಾಳೆ ನೆಡಬಹುದು. ಬಚ್ಚಲ ನೀರನ್ನು ಮಾತ್ರ ಬಿಡಲಾಗದು.

ಸೊಳ್ಳೆಯಾದೀತೆಂದು ಗೃಹಿಣಿಯರು ಅಂಜಬೇಕಾಗಿಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ನೀರು ಎರಡು ದಿನದೊಳಗೆ ಇಂಗಿದರೆ ಆ ಭಯವಿಲ್ಲ.

ನೆಲದೊಳಗಿನ ನೀರಿಗೆ ಬೇಲಿಯಿಲ್ಲ. ನಾವು ಇಂಗಿಸಿದ್ದನ್ನು ನೆರೆಯವರು ಸೇದಿಯಾರು, ಅವರು ಇಂಗಿಸಿದ್ದನ್ನು ನಾವು ಸೇದುವೆವು. ಆದುದರಿಂದ ಒಂದು ಬೀದಿಯ ಹತ್ತು ಮನೆಗಳವರು ಕೂಡಿ ತೊಡಗುವುದು ಲೇಸು. ಹಿಂಗಾರು ಆರಂಭವಾಗುವ ಮೊದಲೇ, ಭಾದ್ರಪದದೊಳಗೆ, ತಗ್ಗುಗಳು ಸಿದ್ಧವಾಗಲಿ.