ತಿಪ್ಪೆಯ ಬಿಸಿ, ಒಲೆಯ ನೀಲಿ ಉರಿ

ಮಾಗಿಯ ಬೆಳಗ್ಗೆ ತಿಪ್ಪೆಯನ್ನು ಕೆದಕಿದರೆ ಹಬೆ ಏಳುತ್ತದೆ. ಚೆನ್ನಾಗಿ ಕೊಳೆಯುತ್ತಿರುವ ರಾಶಿಯ ನಡುಭಾಗದ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅದೇ ಕೊಟ್ಟಿಗೆಯ ಸಗಣಿಯನ್ನು ಪಕ್ಕದ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಗುಂಡಿ ಬಿಸಿಯಾಗುವುದೇ ಇಲ್ಲ. ಸುತ್ತಲಿನ ಮಣ್ಣಿನಷ್ಟೇ ತಣ್ಣಗಿರುತ್ತದೆ. ಎರಡೂ ಕಡೆ ಕೊಳೆಯುತ್ತಿರುವುದು ಒಂದೇ ಸಗಣಿ. ಹಾಗಾದರೆ ಗುಂಡಿಯಲ್ಲಿ ಆ ಬಿಸಿ ಎಲ್ಲಿ ಹೋಯಿತು?

ಅದು ಅಡುಗೆಮನೆಗೆ ಹೋಯಿತು. ಬಿಸಿಲನ್ನು ಹೀರಿ ಹುಲ್ಲು ಕೂಡಿಟ್ಟ ಶಕ್ತಿಯನ್ನು ತಿಪ್ಪೆಯ ಸೂಕ್ಷ್ಮಜೀವಿಗಳು ಗಾಳಿಯ ನೆರವಿನಿಂದ ಪೂರ್ತಿ ಉರಿಸಿಬಿಡುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಯಾರಿಗೂ ಒದಗದೆ ಆರಿಹೋಗುವ ಶಾಖ. ಗುಂಡಿಯೊಳಗೆ ಆಮ್ಲಜನಕವಿಲ್ಲ. ಅಲ್ಲಿ ಗ್ಲೂಕೋಸಿನ ಒಂದು ಅಣು ಒಡೆದರೆ ಮೂರು ಅಣು ಮೀಥೇನ್, ಮೂರು ಅಣು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗ್ಲೂಕೋಸನ್ನು ನೇರವಾಗಿ ಉರಿಸಿದ್ದರೆ ಸಿಗುತ್ತಿದ್ದ ಶಾಖದಲ್ಲಿ ಶೇಕಡಾ 90ಕ್ಕೂ ಹೆಚ್ಚು ಆ ಮೂರು ಮೀಥೇನ್ ಅಣುಗಳಲ್ಲೇ ಉಳಿದಿರುತ್ತದೆ. ಸೂಕ್ಷ್ಮಜೀವಿಗಳ ಪಾಲಿಗೆ ದಕ್ಕುವುದು ಒಂದು ಸಣ್ಣ ಅಂಶ ಮಾತ್ರ. ಅಷ್ಟರಲ್ಲೇ ಅವು ಬದುಕಬೇಕು, ಬೆಳೆಯಬೇಕು, ಮರಿಮಾಡಬೇಕು. ಈ ಯಂತ್ರದ ಎಲ್ಲ ಗುಣಗಳೂ ತಂಟೆಗಳೂ ಹುಟ್ಟುವುದು ಈ ಒಂದು ಸಂಗತಿಯಿಂದ.

ಮೀಥೇನ್ ಮಾಡುವ ಜೀವಿಗಳನ್ನು ಬಹಳ ಕಾಲ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಮತ್ತು ಸಂಗಡಿಗರು ಅವುಗಳ ಆರ್‌ಎನ್‌ಎ ಹೋಲಿಸಿ ನೋಡಿದಾಗ ಅವು ಬೇರೆಯೇ ವಂಶದವೆಂದು ಕಂಡಿತು. ಇಂದು ಆ ವಂಶಕ್ಕೆ ಆರ್ಕಿಯಾ ಎನ್ನುತ್ತೇವೆ. ಜೀವಜಗತ್ತಿನ ಒಂದು ಇಡೀ ಕವಲು ನಮ್ಮ ಹಿತ್ತಿಲ ಗುಂಡಿಯಲ್ಲಿ ವಾಸವಾಗಿದೆ ಎಂದು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಆದರೆ ಈ ಆರ್ಕಿಯಾಗಳು ಸಗಣಿಯನ್ನು ನೇರವಾಗಿ ತಿನ್ನಲಾರವು. ಅವುಗಳಿಗೆ ಬೇಕಾದ್ದು ಮುಖ್ಯವಾಗಿ ಅಸಿಟಿಕ್ ಆಮ್ಲ ಮತ್ತು ಜಲಜನಕ. ಅದನ್ನು ಒದಗಿಸಲು ಅವುಗಳಿಗಿಂತ ಮೊದಲು ಮೂರು ಗುಂಪುಗಳು ದುಡಿಯುತ್ತವೆ. ಒಂದು ಗುಂಪು ಕಿಣ್ವ ಸುರಿಸಿ ನಾರನ್ನು ಸಕ್ಕರೆಯಾಗಿ ಒಡೆಯುತ್ತದೆ. ಇನ್ನೊಂದು ಸಕ್ಕರೆಯನ್ನು ಹುಳಿಯಾಗಿಸುತ್ತದೆ. ಮತ್ತೊಂದು ಆ ಹುಳಿಗಳನ್ನು ಅಸಿಟಿಕ್ ಆಮ್ಲಕ್ಕೂ ಜಲಜನಕಕ್ಕೂ ಇಳಿಸುತ್ತದೆ. ಈ ಮೂರನೆಯ ಗುಂಪಿನ ಸ್ಥಿತಿ ವಿಚಿತ್ರ. ತಾನು ಬಿಟ್ಟ ಜಲಜನಕ ತನ್ನ ಸುತ್ತಲೇ ಸೇರಿಕೊಂಡರೆ ಅದರ ಕೆಲಸ ನಿಂತುಹೋಗುತ್ತದೆ. ಯಾರಾದರೂ ಅದನ್ನು ಆಗಿಂದಾಗ್ಗೆ ತಿಂದು ಮುಗಿಸುತ್ತಿರಬೇಕು. ತಿನ್ನುವವರು ಮೀಥೇನ್ ಮಾಡುವ ಆರ್ಕಿಯಾಗಳು. 1940ರಿಂದ ಪ್ರಯೋಗಾಲಯಗಳಲ್ಲಿ ಒಂದೇ ಜೀವಿ ಎಂದು ಬೆಳೆಸುತ್ತಿದ್ದ ಮೀಥೇನೊಬ್ಯಾಸಿಲಸ್ ಒಮೆಲಿಯಾನ್‌ಸ್ಕಿ ನಿಜಕ್ಕೂ ಎರಡು ಜೀವಿಗಳು ಎಂದು 1967ರಲ್ಲಿ ಬ್ರಯಾಂಟ್, ವೋಲಿನ್ ದಂಪತಿ ಮತ್ತು ವುಲ್ಫ್ ತೋರಿಸಿದರು. ಒಂದು ಆಲ್ಕೊಹಾಲಿನಿಂದ ಜಲಜನಕ ಬಿಡುತ್ತಿತ್ತು, ಇನ್ನೊಂದು ಅದನ್ನು ತಿಂದು ಮೀಥೇನ್ ಮಾಡುತ್ತಿತ್ತು. ಅವು ಅಷ್ಟು ಕಾಲ ಒಂದೇ ಎಂದು ತೋರುವಷ್ಟು ಒಂದಕ್ಕೊಂದು ಅಂಟಿಕೊಂಡಿದ್ದವು.

ಮೊದಲ ಗುಂಪುಗಳು ಹೊಟ್ಟೆತುಂಬ ಉಣ್ಣುವವು, ಬೇಗ ಬೆಳೆಯುವವು. ಕೊನೆಯ ಗುಂಪಾದ ಆರ್ಕಿಯಾಗಳಲ್ಲಿ ಕೆಲವಕ್ಕೆ ಇಮ್ಮಡಿಯಾಗಲು ಹಲವು ದಿನಗಳೇ ಬೇಕು. ಗುಂಡಿಯ ಹದ ಕೆಡುವುದು ಈ ವೇಗದ ಅಂತರದಿಂದ. ಹಬ್ಬದ ಮರುದಿನ ಉಳಿದ ಅನ್ನ, ಹಲಸಿನ ಸೊಳೆ, ಕೊಳೆತ ಹಣ್ಣು ಎಲ್ಲವನ್ನೂ ಒಟ್ಟಿಗೆ ಸುರಿದರೆ ಹುಳಿ ಮಾಡುವವರು ಒಂದೇ ದಿನದಲ್ಲಿ ಕೆಲಸ ಮುಗಿಸುತ್ತಾರೆ; ಅದನ್ನು ಉಣ್ಣಬೇಕಾದವರು ಹಿಂದೆ ಬೀಳುತ್ತಾರೆ. ಪಿಎಚ್ 7ರ ಆಸುಪಾಸಿನಿಂದ ಕೆಳಗಿಳಿಯುತ್ತದೆ, ಆರ್ಕಿಯಾಗಳು ಇನ್ನಷ್ಟು ಮಂಕಾಗುತ್ತವೆ, ಹುಳಿ ಇನ್ನಷ್ಟು ಏರುತ್ತದೆ. ಅನಿಲ ಬರುತ್ತಲೇ ಇರುತ್ತದೆ, ಆದರೆ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಆದ್ದರಿಂದ ಒಲೆ ಹತ್ತುವುದಿಲ್ಲ. ಆಗ ಮಾಡಬೇಕಾದ್ದು ಕೆಲವು ದಿನ ಉಣಿಸುವುದನ್ನು ನಿಲ್ಲಿಸಿ ಕಾಯುವುದು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಸೋಪಿನ ನೀರು ಗುಂಡಿಗೆ ಹರಿದರೂ ಇದೇ ಗತಿ. ಗುಂಡಿಯನ್ನು ಮನೆಯ ಇನ್ನೊಂದು ದೊಡ್ಡಿ ಎಂದೇ ಎಣಿಸಬೇಕು. ಅಲ್ಲಿರುವ ಮಂದೆಗೂ ಹೊತ್ತುಹೊತ್ತಿಗೆ, ಅಳತೆಗೆ ತಕ್ಕ ಮೇವು ಬೇಕು.

ಸಗಣಿ ಇಷ್ಟು ಸುಲಭವಾಗಿ ಒಗ್ಗುವುದಕ್ಕೆ ಹಸುವೇ ಕಾರಣ. ಹುಲ್ಲನ್ನು ಅಗಿದು, ಮೆಲುಕು ಹಾಕಿ, ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ನೆನೆಸಿ ಹುಳಿಸುವ ಕೆಲಸವನ್ನು ಅದು ಮುಗಿಸಿರುತ್ತದೆ. ಬೇಗ ಹುಳಿಯಾಗುವ ಸಕ್ಕರೆಯನ್ನೆಲ್ಲ ತಾನೇ ಬಳಸಿಕೊಂಡು ನಿಧಾನವಾಗಿ ಕರಗುವ ನಾರನ್ನು ಹೊರಹಾಕುತ್ತದೆ. ಜೊತೆಗೆ ಮೀಥೇನ್ ಮಾಡುವ ಜೀವಿಗಳ ಬೀಜವೂ ಸಗಣಿಯಲ್ಲೇ ಬರುತ್ತದೆ. ಇಂಗಾಲ ಮತ್ತು ಸಾರಜನಕದ ಪ್ರಮಾಣವೂ ಸರಿಸುಮಾರು 25ಕ್ಕೆ 1. ಗುಂಡಿಗೆ ಬೇಕಾದ್ದು ಅಷ್ಟೇ.

ಸೊಪ್ಪುಸದೆ ಹಾಗಲ್ಲ. ಒಣಹುಲ್ಲು, ಜೋಳದ ದಂಟು ನೀರಿನ ಮೇಲೆ ತೇಲಿ ದಪ್ಪ ಕೆನೆಗಟ್ಟಿ ಅನಿಲದ ದಾರಿಯನ್ನೇ ಮುಚ್ಚುತ್ತವೆ. ಮರದಂತೆ ಗಟ್ಟಿಯಾದ ಭಾಗದ ಲಿಗ್ನಿನ್ ಗಾಳಿಯಿಲ್ಲದ ಕಡೆ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಸಿ ಎಲೆಯಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆ. ಅದು ಬೇಗ ಹುಳಿಯಾಗಿ ಗುಂಡಿಯನ್ನು ಕೆಡಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಕಟ್ಟಿದ ಅಸ್ತ್ರ ಕೇಂದ್ರದವರು ಈ ಪ್ರಶ್ನೆಯನ್ನು ದಶಕಗಳ ಕಾಲ ಬಿಡದೆ ಹಿಡಿದರು. ಎಲೆಯನ್ನು ಅರೆದು ನೀರಿಗೆ ಕಲಸುವ ಗೋಜೇ ಬೇಡ, ರಾಶಿಯಾಗಿಯೇ ಇರಲಿ, ಮೇಲಿನಿಂದ ಗುಂಡಿಯದೇ ಜೀರ್ಣದ್ರವ ಚಿಮುಕಿಸೋಣ ಎಂಬುದು ಅವರ ಒಂದು ಬಗೆ. ಉದ್ದನೆಯ ತೊಟ್ಟಿಯ ಒಂದು ತುದಿಯಲ್ಲಿ ಎಲೆ ತುಂಬಿ ಇನ್ನೊಂದು ತುದಿಯಲ್ಲಿ ಗೊಬ್ಬರ ತೆಗೆಯುವುದು ಇನ್ನೊಂದು ಬಗೆ. ತುಂಬುವ ಮೊದಲು ಎಲೆಯನ್ನು ಸ್ವಲ್ಪ ಕಾಲ ಗಾಳಿಯಲ್ಲೇ ಕೊಳೆಯಬಿಟ್ಟರೆ ಬೇಗ ಹುಳಿಯುವ ಅಂಶ ಅಲ್ಲೇ ತೀರಿ, ಗುಂಡಿಯ ಹೊಟ್ಟೆ ಉಬ್ಬರಿಸುವುದಿಲ್ಲ. ಹಸು ಮಾಡುತ್ತಿದ್ದ ಕೆಲಸದ ಒಂದು ತುಣುಕನ್ನು ಇಲ್ಲಿ ಮನುಷ್ಯ ಮಾಡುತ್ತಾನೆ. ಕೊಟ್ಟಿಗೆಗಳು ಖಾಲಿಯಾಗುತ್ತಿರುವ ಹಳ್ಳಿಗಳಿಗೆ ಈ ಕೆಲಸದಷ್ಟು ಬೇಕಾದ್ದು ಬೇರೆ ಇಲ್ಲವೆಂದು ನನ್ನ ಎಣಿಕೆ. ಆದರೆ ಕಬ್ಬಿನ ಸೀಮೆಯಲ್ಲಿ ರವದಿಗೆ, ಅಂದರೆ ಒಣಸೋಗೆಗೆ, ಗದ್ದೆಯಲ್ಲೇ ಬೆಂಕಿ ಇಡುತ್ತಾರೆ. ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಎಂಬ ಮಡ್ಡಿ ಮಾತ್ರ ಅನಿಲವಾಗುವ ದಾರಿ ಹಿಡಿದಿದೆ.

ಇನ್ನು ಗುಂಡಿಯ ಕಟ್ಟಡ. 1950ರ ದಶಕದಲ್ಲಿ ಜಶಭಾಯಿ ಪಟೇಲ್ ರೂಪಿಸಿದ್ದು ತೇಲುವ ಕಬ್ಬಿಣದ ಡ್ರಮ್ಮಿನದು. ಖಾದಿ ಆಯೋಗ ಅದನ್ನು ಊರೂರಿಗೆ ಒಯ್ದಿತು. ಅನಿಲ ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಅದರ ಭಾರವೇ ಒಲೆಗೆ ಒಂದೇ ಸಮನಾದ ಒತ್ತಡ ಕೊಡುತ್ತದೆ. ಆದರೆ ಕಬ್ಬಿಣ ದುಬಾರಿ, ತುಕ್ಕೂ ಹಿಡಿಯುತ್ತದೆ. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಇಟ್ಟಿಗೆಯ ಗುಮ್ಮಟದಡಿ ಸೇರಿದ ಅನಿಲ ಕದಡನ್ನು ಕೆಳಗೊತ್ತಿ ಹೊರತೊಟ್ಟಿಗೆ ಏರಿಸುತ್ತದೆ. ಒಲೆ ತಿರುಗಿಸಿದಾಗ ಆ ಕದಡು ಮರಳಿ ಇಳಿದು ಅನಿಲವನ್ನು ತಳ್ಳುತ್ತದೆ.

ದಿನಕ್ಕೆ ಎರಡು ಘನಮೀಟರ್ ಅನಿಲ ಕೊಡುವ ಗುಂಡಿಗೆ ಸುಮಾರು 50 ಕಿಲೊ ಸಗಣಿ, ಅಷ್ಟೇ ನೀರು ಬೇಕು. ಸಗಣಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಘನಾಂಶ 10 ಕಿಲೊ. ಬರುವ ಎರಡು ಘನಮೀಟರ್ ಅನಿಲದ ತೂಕ ಎರಡೂಕಾಲು ಕಿಲೊದ ಆಸುಪಾಸು. ಅದು ಐದಾರು ಜನರ ಅಡುಗೆಗೆ ಸಾಕು. ಅಂದರೆ ಘನಾಂಶದ ಕಾಲು ಭಾಗದಷ್ಟೇ ಅನಿಲವಾಗಿ ಹೋಯಿತು, ಅದೂ ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕವೇ. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲ ಬಗ್ಗಡದಲ್ಲೇ ಉಳಿದಿವೆ. ಬೆರಣಿ ತಟ್ಟಿ ಉರಿಸಿದರೆ ಸಾರಜನಕ ಹೊಗೆಯಲ್ಲಿ ಹೋಗುತ್ತಿತ್ತು. ಗ್ಯಾಸಿಗೆ ಹಾಕಿದರೆ ಗೊಬ್ಬರ ಸತ್ತುಹೋಗುತ್ತದೆ ಎಂದು ಹಿಂಜರಿಯುವ ರೈತರಿಗೆ ಈ ಲೆಕ್ಕ ಒಪ್ಪಿಸಬೇಕು. ಬಗ್ಗಡವನ್ನು ಬಿಸಿಲಲ್ಲಿ ಹರವಿ ಒಣಗಿಸಿದರೆ ಮಾತ್ರ ನಷ್ಟ, ಅಮೋನಿಯಾ ಹಾರಿಹೋಗುತ್ತದೆ. ಹಸಿಯಾಗಿಯೇ ತೋಟಕ್ಕೆ ಬಿಡುವುದು ಮೇಲು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಎಷ್ಟು ಸಗಣಿಗೆ ಎಷ್ಟು ಅನಿಲ ಎಂಬ ಲೆಕ್ಕವೇ ಒಂದು ಯೋಜನೆಯ ದಿಕ್ಕನ್ನೇ ತಿರುಗಿಸಿತು. ಅಸ್ತ್ರದವರು ಅಲ್ಲಿ ಇಡೀ ಊರಿಗೆ ಸಮುದಾಯ ಗುಂಡಿ ಕಟ್ಟಿದ್ದು ಅಡುಗೆಗೆಂದು. ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿ ಊರಿನಲ್ಲಿ ಸಿಗಲಿಲ್ಲ. ಆದರೆ ದೀಪ ಉರಿಸಲು, ಕೊಳವೆಬಾವಿಯಿಂದ ನೀರೆತ್ತಲು ಬೇಕಾದ ಶಕ್ತಿ ಅಡುಗೆಗಿಂತ ಬಹಳ ಕಡಿಮೆ. 1987ರಿಂದ ಅದೇ ಅನಿಲವನ್ನು ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ನಿಗೆ ಕೊಟ್ಟರು. ಮನೆಗಳಿಗೆ ಬೆಳಕು ಬಂತು, ನಲ್ಲಿಯಲ್ಲಿ ಶುದ್ಧ ನೀರು ಬಂತು. ಸಗಣಿ ತಂದವರಿಗೆ ಒಂದಿಷ್ಟು ಕೂಲಿ, ಅವರ ಪಾಲಿನ ಬಗ್ಗಡವೂ ವಾಪಸ್ಸು. ಅನಿಲ ತಯಾರಿಸುವುದರಷ್ಟೇ ಮುಖ್ಯ ಅದನ್ನು ಯಾವುದಕ್ಕೆ ಉರಿಸಬೇಕೆಂಬ ತೀರ್ಮಾನ. ಪುರದ ಜನ ಮೊದಲು ಕೇಳಿದ್ದು ಕುಡಿಯುವ ನೀರನ್ನು. ಅವರ ಮಾತಿಗೆ ಕಿವಿಗೊಟ್ಟದ್ದು ಆ ಯೋಜನೆಯಲ್ಲಿ ನಾನು ಅತ್ಯಂತ ಗೌರವಿಸುವ ಅಂಶ.

ಉರಿಯದೆ ಸೋರುವ ಮೀಥೇನ್ ಕೇಡಿನದು. ನೂರು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಬಿರುಕುಬಿಟ್ಟ ಗುಮ್ಮಟವನ್ನು ಹಾಗೇ ಬಿಡಬಾರದು. ಪೈಪಿನ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿರಬೇಕು. ಇದಕ್ಕಿಂತ ದೊಡ್ಡ ಎಚ್ಚರಿಕೆ ಗುಂಡಿ ಖಾಲಿ ಮಾಡುವ ದಿನದ್ದು. ಕದಡು ತೆಗೆದ ಗುಂಡಿಯಲ್ಲಿ ಉಸಿರಾಡಲು ಗಾಳಿ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಉಳಿದಿರುತ್ತದೆ. ಕೊಳೆತ ಮೊಟ್ಟೆಯ ಆ ವಾಸನೆ ವಿಷ ಹೆಚ್ಚಾದಾಗ ಮೂಗಿಗೆ ತಿಳಿಯುವುದೇ ಇಲ್ಲ. ವಾಸನೆ ಇಲ್ಲವೆಂದು ಒಳಗಿಳಿದವರೂ ಅವರನ್ನು ಎತ್ತಲು ಹಿಂದೆಯೇ ಇಳಿದವರೂ ಪ್ರಾಣ ಕಳೆದುಕೊಂಡಿದ್ದಾರೆ. ದಿನಗಟ್ಟಲೆ ತೆರೆದಿಟ್ಟು, ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಜನ ನಿಂತಿರದ ಹೊರತು ಯಾರನ್ನೂ ಗುಂಡಿಗೆ ಇಳಿಸಬೇಡಿ.