ತುಂಬಿದ ಟ್ಯಾಂಕ್ ಬಿಚ್ಚುವ ಮುನ್ನ: ಪಿಕಪ್ ಮಾಲೀಕರು ಹಾಕಬೇಕಾದ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ವ್ಯಾಪಾರವು ಬಹುಮಟ್ಟಿಗೆ ಕಲ್ಲು, ಸಿಮೆಂಟ್ ಮತ್ತು ತೊಗರಿಯನ್ನು ಅವಲಂಬಿಸಿದೆ. ಕಾರ್ಖಾನೆಗಳ ದೊಡ್ಡ ಸರಕು ರೈಲು ಹಾಗೂ ಲಾರಿಗಳಲ್ಲಿ ಸಾಗುತ್ತದೆ. ಆದರೆ ಗಣಿಯಿಂದ ಪಾಲಿಶ್ ಘಟಕಕ್ಕೆ ಹಾಸುಗಲ್ಲು, ಅಂಗಡಿಯಿಂದ ಕಟ್ಟಡದ ಸ್ಥಳಕ್ಕೆ ಸಿಮೆಂಟ್ ಚೀಲ, ಹೊಲದಿಂದ ದಾಲ್ ಮಿಲ್‌ಗೆ ತೊಗರಿ ಮುಟ್ಟಿಸುವ ಕೆಲಸ ಡೀಸೆಲ್ ಪಿಕಪ್ ವಾಹನದ್ದು. ಅದು ಒಂದು ದಿನ ನಿಂತರೆ ಬಾಡಿಗೆಯಷ್ಟೇ ಅಲ್ಲ, ಗಿರಾಕಿಗೆ ಕೊಟ್ಟ ಮಾತೂ ತಪ್ಪುತ್ತದೆ. ಈ ಅವಸರವೇ ಅನೇಕ ವೇಳೆ ಅನಾಹುತಕ್ಕೆ ದಾರಿಯಾಗುತ್ತದೆ. ತುಂಬಿದ ಇಂಧನ ಟ್ಯಾಂಕನ್ನು ಹಾಗೆಯೇ ಬಿಚ್ಚಿ ಇಳಿಸುವ ಸಾಹಸ ಅಂತಹ ಅವಸರದ ಫಲ.

ಟ್ಯಾಂಕ್ ತುಂಬಿದಾಗಲೇ ಏಕೆ?

ಟ್ಯಾಂಕಿನ ದೋಷ ಹೆಚ್ಚಾಗಿ ಬಯಲಾಗುವುದು ಡೀಸೆಲ್ ತುಂಬಿಸಿದ ದಿನವೇ. ಮೇಲ್ಭಾಗದ ಬಿರುಕು ಅಥವಾ ಸಡಿಲವಾದ ಪೈಪಿನ ಬಾಯಿ ಮಟ್ಟ ಏರಿದಾಗ ಮಾತ್ರ ಸೋರುತ್ತದೆ. ಗಣಿ ರಸ್ತೆಯ ಕುಲುಕಾಟಕ್ಕೆ ಸವೆದ ಪಟ್ಟಿ ಪೂರ್ಣ ಭಾರ ಬಿದ್ದಾಗಲೇ ತುಂಡಾಗುತ್ತದೆ. ಮತ್ತೊಂದು ಕಾರಣ ಗಡಿಯ ದರ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ಶೇ. 18.4ರಿಂದ ಶೇ. 21.17ಕ್ಕೆ ಏರಿಸಲಾಯಿತು. ಆಗಲೂ ಇಲ್ಲಿನ ದರ ತೆಲಂಗಾಣದ ದರಕ್ಕಿಂತ ಕಡಿಮೆಯೇ ಇತ್ತು. ಆದ್ದರಿಂದ ತಾಂಡೂರು, ಹೈದರಾಬಾದ್ ಕಡೆಗೆ ಹೊರಡುವ ಚಾಲಕರು ಗಡಿ ದಾಟುವ ಮುನ್ನ ಟ್ಯಾಂಕ್ ತುಂಬಿಸಿಕೊಳ್ಳುವುದು ಸಹಜ.

ಭಾರ ಎಷ್ಟು?

ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಹೀಗಾಗಿ 60 ಲೀಟರ್ ಎಂದರೆ 50 ಕಿಲೋ ತೂಕ. ಟ್ಯಾಂಕಿನ ತೂಕ ಬೇರೆ. ಇದು ಸಿಮೆಂಟ್ ಚೀಲದಂತೆ ಸ್ಥಿರವಾದ ಭಾರವಲ್ಲ. ಒಂದು ಪಟ್ಟಿ ಬಿಚ್ಚಿದೊಡನೆ ದ್ರವವೆಲ್ಲ ತಗ್ಗಿನ ಬದಿಗೆ ಹರಿದು, ಟ್ಯಾಂಕ್ ಕೆಳಗೆ ಮಲಗಿದವನ ಎದೆಯ ಮೇಲೆ ಬೀಳಬಹುದು.

ಈ ಪ್ರದೇಶದಲ್ಲಿ ಇನ್ನೊಂದು ಅಪಾಯವೂ ಉಂಟು. ಕೈಗೆ ಸುಲಭವಾಗಿ ಸಿಗುವ ಶಹಾಬಾದ ಕಲ್ಲಿನ ತುಂಡುಗಳನ್ನು ಜಾಕ್ ಅಡಿಗೆ ಕೊಡುವುದು ಸರಿಯಲ್ಲ. ನೆಲಹಾಸಿಗೆ ಎಷ್ಟೇ ಉತ್ತಮವಾಗಿದ್ದರೂ ಪದರು ಪದರಾದ ಈ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಚಾಸಿಯನ್ನು ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಕೂರಿಸುವುದು ಅವಶ್ಯ.

ಡೀಸೆಲ್ ಹೊತ್ತುವುದಿಲ್ಲವೇ?

ಡೀಸೆಲ್ ಪೆಟ್ರೋಲಿನಂತೆ ಸುಲಭವಾಗಿ ಹೊತ್ತುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ದ್ರವದ ಮೇಲಿನ ಆವಿಯು ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಗೆ ಜ್ವಲನಬಿಂದು ಎನ್ನುತ್ತಾರೆ. ಯುರೋಪಿನ ಮಾನಕದಂತೆ ಡೀಸೆಲ್‌ಗೆ ಇದು 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಭಾರತೀಯ ಮಾನಕದಲ್ಲಿ ಕನಿಷ್ಠ ಮಿತಿ 35 ಡಿಗ್ರಿ ಮಾತ್ರ. ಎಲ್ಲ ಡೀಸೆಲ್ 35 ಡಿಗ್ರಿಯಲ್ಲಿಯೇ ಹೊತ್ತುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಹಾಗಾಗುವುದಿಲ್ಲವೆಂಬ ಭರವಸೆಯೂ ಇಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ವಾಹನದ ಟ್ಯಾಂಕ್ ಇನ್ನೂ ಹೆಚ್ಚು ಕಾಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ತಂಪು ಹೊತ್ತಿನಲ್ಲಿ, ಗಾಳಿಯಾಡುವ ತೆರೆದ ಜಾಗದಲ್ಲಿ, ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ನಡೆಯುವ ಸ್ಥಳದಿಂದ ದೂರದಲ್ಲಿ ಮಾಡತಕ್ಕದ್ದು.

ಮೊದಲು ಖಾಲಿ, ನಂತರ ಬಿಚ್ಚುವಿಕೆ

ಕೆಲಸದ ಕ್ರಮ ಕಠಿಣವಾದುದಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯಬೇಕು. ಅನಂತರ ಕೈಪಂಪಿನಿಂದ ಡೀಸೆಲ್ ಅನ್ನು ಸ್ವಚ್ಛವಾದ, ಮುಚ್ಚಳವಿರುವ ಕ್ಯಾನ್‌ಗಳಿಗೆ ಅಳತೆ ಮಾಡಿ ತುಂಬಿಸಬೇಕು. ಕೊಳವೆಯನ್ನು ಬಾಯಿಂದ ಎಳೆಯುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಗುಟುಕು ಡೀಸೆಲ್ ಶ್ವಾಸಕೋಶ ಸೇರಿದರೂ ತೀವ್ರವಾದ ಉರಿಯೂತ ಉಂಟಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಟ್ಯಾಂಕ್ ಹಗುರಾದ ಮೇಲೆ ತುಂಬುವ ಬಾಯಿಯ ಪೈಪು, ಗಾಳಿ ಕೊಳವೆ, ಇಂಜಿನ್‌ಗೆ ಹೋಗುವ ಮತ್ತು ಹಿಂದಿರುಗುವ ಪೈಪುಗಳು ಹಾಗೂ ಮಟ್ಟ ತೋರಿಸುವ ಉಪಕರಣದ ತಂತಿಯನ್ನು ಗುರುತು ಹಾಕಿ ಬಿಚ್ಚಬೇಕು. ಹಲಗೆಯಿಟ್ಟ ಟ್ರಾಲಿ ಜಾಕ್‌ನ ಆಸರೆ ಕೊಟ್ಟ ಮೇಲೆಯೇ ಪಟ್ಟಿಗಳನ್ನು ಸಡಿಲಿಸಬೇಕು. ಬಿಚ್ಚಿದ ಪ್ರತಿ ಪೈಪಿನ ಬಾಯನ್ನೂ ಮುಚ್ಚುವುದು ಮುಖ್ಯ. ಸುಣ್ಣಕಲ್ಲು ಮತ್ತು ಸಿಮೆಂಟಿನ ಸೂಕ್ಷ್ಮ ಧೂಳು ಈ ಭಾಗದ ಗಾಳಿಯಲ್ಲಿಯೇ ಇದೆ. ಇಂದಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಡೀಸೆಲ್ 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಅತಿ ಸಣ್ಣ ರಂಧ್ರಗಳ ಮೂಲಕ ಹಾಯುವುದರಿಂದ, ಚಿಟಿಕೆ ಧೂಳು ಸಹ ದುಬಾರಿ ಇಂಜೆಕ್ಟರ್‌ಗಳನ್ನು ಕೆಡಿಸಬಲ್ಲದು. ತೆಗೆದ ಡೀಸೆಲ್ ಅನ್ನು ಕೆಲವು ತಾಸು ತಿಳಿಯಾಗಲು ಬಿಟ್ಟು, ತಳದ ಒಂದೆರಡು ಲೀಟರ್‌ಗಳನ್ನು ಬೇರ್ಪಡಿಸಿ, ಉಳಿದುದನ್ನು ಸೋಸಿ ಮರಳಿ ತುಂಬುವುದು ಲೇಸು. ಜೋಡಣೆಯ ಬಳಿಕ ಪೈಪಿನಲ್ಲಿ ಸೇರಿದ ಗಾಳಿಯನ್ನು ಫಿಲ್ಟರ್ ಬಳಿಯ ಕೈಪಂಪಿನಿಂದಲೇ ಹೊರಹಾಕಬೇಕು. ಅಧಿಕ ಒತ್ತಡದ ಪೈಪುಗಳನ್ನು ಸಡಿಲಿಸಬಾರದು.

ಖಾಲಿ ಟ್ಯಾಂಕಿನ ಮೋಸ

ಅತಿ ದೊಡ್ಡ ಅಪಾಯ ಎದುರಾಗುವುದು ಟ್ಯಾಂಕ್ ಇಳಿಸಿದ ಮೇಲೆ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿ ಬೆರೆತು ಸ್ಫೋಟಕ ಮಿಶ್ರಣವಾಗಬಹುದು. ಒಂದೆರಡು ಬಕೆಟ್ ನೀರಿನಿಂದ ತೊಳೆದು ವೆಲ್ಡಿಂಗ್ ಮಾಡಿಸುವುದು ಸಿಡಿಮದ್ದಿಗೆ ಕಿಡಿ ತಾಗಿಸಿದಂತೆ, ಏಕೆಂದರೆ ಮೂಲೆ ಮತ್ತು ಬೆಸುಗೆಯ ಸಂದುಗಳಲ್ಲಿ ಉಳಿದ ಡೀಸೆಲ್ ಕಾವು ತಗುಲಿದೊಡನೆ ಮತ್ತೆ ಆವಿಯಾಗುತ್ತದೆ. ತುಕ್ಕು ಹಿಡಿದ ಟ್ಯಾಂಕಿಗೆ ತೇಪೆ ಹಾಕಿಸುವ ಬದಲು ಹೊಸದನ್ನು ಕೂರಿಸುವುದೇ ವಿವೇಕ. ಹಳೆಯದನ್ನು ಗುಜರಿಗೆ ಕೊಡುವಾಗ ಅದು ಇಂಧನದ ಟ್ಯಾಂಕ್ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಗ್ಯಾಸ್ ಕಟಿಂಗ್ ಮಾಡುವವನ ಜೀವವೂ ಜೀವವೇ.

ಚೆಲ್ಲಿದ ಡೀಸೆಲ್ ಅನ್ನು ಮಣ್ಣು ಅಥವಾ ಕಟ್ಟಿಗೆಯ ಹೊಟ್ಟಿನಿಂದ ಹೀರಿಸಿ ತೆಗೆಯಬೇಕು. ಬಿರುಕುಗಳಿರುವ ಸುಣ್ಣಕಲ್ಲಿನ ನೆಲದಲ್ಲಿ ಅದು ಇಂಗಿದರೆ ಬಾವಿ, ಬೋರ್‌ವೆಲ್‌ಗಳ ನೀರಿಗೆ ಸೇರುವ ಸಂಭವವಿದೆ.

ಕಾನೂನು ಮತ್ತು ಲೆಕ್ಕಪುಸ್ತಕ

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್ ‘ಬಿ’ ವರ್ಗಕ್ಕೆ ಸೇರುತ್ತದೆ. ಒಂದೇ ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವುದೇ ಪಾತ್ರೆ 1,000 ಲೀಟರ್‌ಗಿಂತ ದೊಡ್ಡದಾಗಿರದಿದ್ದರೆ ಸಂಗ್ರಹಕ್ಕೆ ಈ ಕಾಯ್ದೆಯಡಿ ಪರವಾನಗಿ ಬೇಕಿಲ್ಲ. ದುರಸ್ತಿಗಾಗಿ ತೆಗೆದಿಟ್ಟ 60 ಲೀಟರ್ ಈ ಮಿತಿಯೊಳಗೇ ಇದೆ.

ತುಕ್ಕು, ಸವೆತಗಳಿಂದ ಆದ ಹಾನಿಯನ್ನು ಸಾಮಾನ್ಯ ವಾಹನ ವಿಮೆ ಭರಿಸುವುದಿಲ್ಲ. ತನ್ನ ನೌಕರಿಯಲ್ಲಿರುವ ಚಾಲಕ ಅಥವಾ ಕ್ಲೀನರ್‌ನನ್ನು ವಾಹನದ ಕೆಳಗೆ ಇಳಿಸಿ, ಆತ ಗಾಯಗೊಂಡರೆ ಪರಿಹಾರದ ಹೊಣೆ ಮಾಲೀಕನ ಮೇಲೆಯೇ ಬರುತ್ತದೆ. 1923ರ ಪರಿಹಾರ ಕಾಯ್ದೆಯ ಈ ತತ್ವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ.

ಹೊಸ ಟ್ಯಾಂಕಿನ ವೆಚ್ಚ ಬಿಡಿಭಾಗದ ಬದಲಾವಣೆಯಾದುದರಿಂದ ಸಾಮಾನ್ಯವಾಗಿ ದುರಸ್ತಿ ವೆಚ್ಚವೇ ಹೊರತು ಬಂಡವಾಳ ವೆಚ್ಚವಲ್ಲ. ವಾಹನಗಳ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿ ದರ ನಿಗದಿಯಾಯಿತು. ಸರಕು ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು, ಅರ್ಹತೆಯಿರುವ ನೋಂದಾಯಿತ ವ್ಯಾಪಾರಿಗಳು ಸರಿಯಾದ ಬಿಲ್ ಇದ್ದಲ್ಲಿ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದರ ಮೇಲಿನ ತೆರಿಗೆ ಪೂರ್ತಿ ವೆಚ್ಚವೇ. ಆದ್ದರಿಂದಲೇ ಚೆಲ್ಲಿದ ಪ್ರತಿ ಲೀಟರ್ ತೆರಿಗೆ ಸಮೇತ ನಷ್ಟ.

ಉದಾಹರಣೆಗೆ, ಲೀಟರಿಗೆ ರೂ. 90ರಂತೆ 60 ಲೀಟರ್‌ಗೆ ರೂ. 5,400 ಆಗುತ್ತದೆ. ತೆಗೆದದ್ದು 58 ಲೀಟರ್, ಮರಳಿ ತುಂಬಿದ್ದು 55 ಲೀಟರ್ ಎಂದಾದರೆ 3 ಲೀಟರ್ ಅಂದರೆ ರೂ. 270ರ ವ್ಯತ್ಯಾಸಕ್ಕೆ ವಿವರಣೆ ಬೇಕು. ವಾಹನದ ಪುಸ್ತಕದಲ್ಲಿ ದಿನಾಂಕ, ತೆಗೆದ ಪ್ರಮಾಣ, ಮರಳಿ ತುಂಬಿದ ಪ್ರಮಾಣ, ಬೇರ್ಪಡಿಸಿದ ಕೊಳೆ ಡೀಸೆಲ್, ಬದಲಿಸಿದ ಭಾಗಗಳು ಹಾಗೂ ಬಿಲ್ ಸಂಖ್ಯೆಯನ್ನು ಬರೆದಿಟ್ಟರೆ ಮಾಲೀಕ, ಚಾಲಕ ಮತ್ತು ಮೆಕ್ಯಾನಿಕ್ ಮೂವರಲ್ಲಿಯೂ ಅನುಮಾನಕ್ಕೆ ಎಡೆಯಿರುವುದಿಲ್ಲ.

ಡೀಸೆಲ್ ಖಾಲಿ ಮಾಡಲು ಹೆಚ್ಚೆಂದರೆ ಒಂದೆರಡು ತಾಸು ಹಿಡಿಯುತ್ತದೆ. ಆ ಒಂದೆರಡು ತಾಸಿನ ಬಾಡಿಗೆಯನ್ನು ಉಳಿಸಲು ಹೋಗಿ ಕೆಲಸಗಾರನ ಪ್ರಾಣವನ್ನೂ ಇಂಜಿನ್ನನ್ನೂ ಪಣಕ್ಕಿಡುವುದು ಯಾವ ವ್ಯಾಪಾರಿಗೂ ಲಾಭದ ಬಾಬತ್ತಲ್ಲ. ವಾಹನವನ್ನು ಗ್ಯಾರೇಜಿಗೆ ಕಳುಹಿಸುವಾಗ ಅಳತೆಯ ಕ್ಯಾನ್ ಮತ್ತು ಕೈಪಂಪನ್ನೂ ಜೊತೆಗೆ ಕಳುಹಿಸಿ, ಮೊದಲು ಖಾಲಿ ಮಾಡಿಸಿ ಆಮೇಲೆ ಬಿಚ್ಚಿಸಬೇಕೆಂದು ಸ್ಪಷ್ಟವಾಗಿ ಹೇಳುವುದು ಮಾಲೀಕರ ಕೆಲಸ.